ಶಿಕಾರಿಪುರ–ಸೊರಬ ಸೀಮೆಯಲ್ಲಿ ಸ್ವಾತಂತ್ರ್ಯದ ಕಲ್ಪನೆ

ಮನುಷ್ಯನ ಧರ್ಮ, ಧನ, ಆಳ್ವಿಕೆ ಈ ಮೂರೂ ಅವನ ಸಮ್ಮತಿಯನ್ನು ಆಶ್ರಯಿಸಿರಬೇಕು, ರಾಜ್ಯಶಕ್ತಿಗೆ ಮಿತಿಯಿರಬೇಕು ಎಂಬುದು ವ್ಯಕ್ತಿಸ್ವಾತಂತ್ರ್ಯವಾದಿಗಳ ಮೂಲತತ್ತ್ವ. 1689ರಲ್ಲಿ ಪ್ರಕಟವಾದ ಜಾನ್ ಲಾಕನ ಗ್ರಂಥಗಳಿಂದ ಈ ವಿಚಾರಕ್ಕೆ ಯೂರೋಪಿನಲ್ಲಿ ವಿಶೇಷ ಬಲ ಬಂದಿತು. ಈ ತತ್ತ್ವವನ್ನು ಒರೆಗಲ್ಲಾಗಿಟ್ಟುಕೊಂಡು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸವನ್ನು ಪರಿಶೀಲಿಸಿದರೆ, ಯಾರ ಸ್ವಾತಂತ್ರ್ಯ ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಮೊದಲು ಧರ್ಮದ ವಿಷಯ. ಬನವಾಸಿ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳ ಪಂಚಮಠಗಳಿದ್ದುವು. ಕ್ರಿ. ಶ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಅಲ್ಲಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದನು. ಕ್ರಿ. ಶ. 1162ರ ಶಾಸನವು ಕೋಡಿಯಮಠವನ್ನು ನಾಲ್ಕು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವೆಂದೂ, ದೀನರಿಗೆ, ಕುರುಡರಿಗೆ, ಕಿವುಡರಿಗೆ, ನಾನಾ ಪಂಥದ ಸಂನ್ಯಾಸಿಗಳಿಗೆ ಅನ್ನವೀಯುವ, ರೋಗಿಗಳಿಗೆ ಚಿಕಿತ್ಸೆ ನಡೆಸುವ ಅಭಯಸ್ಥಾನವೆಂದೂ ವರ್ಣಿಸುತ್ತದೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠಾಪಿಸಿದಾಗ, ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನಿಟ್ಟವರು ಆ ಅಗ್ರಹಾರದ ಬ್ರಾಹ್ಮಣರೇ. ಈ ಸೌಹಾರ್ದ ಸ್ತುತ್ಯವೇ ಸರಿ. ಆದರೆ ಇಲ್ಲಿ ಮನ್ನಣೆ ದೊರೆತುದು ಮಠಗಳಿಗೆ, ಸಂಘಗಳಿಗೆ. ಒಂಟಿ ಮನುಷ್ಯನ ಅಂತಸ್ಸಾಕ್ಷಿಗಲ್ಲ. ಆ ಅಂತಸ್ಸಾಕ್ಷಿಯ ದನಿಯನ್ನು ಎತ್ತಿದವರು ಮುಂದಿನ ಶತಮಾನದ ಶರಣರು. ಅವರಲ್ಲಿ ಅಲ್ಲಮಪ್ರಭುವನ್ನು ಬಳ್ಳಿಗಾವೆಯವನೆಂದೂ, ಮನೆಮಠಗಳನ್ನೆಲ್ಲ ತೊರೆದು ನಡೆದ ಅಕ್ಕಮಹಾದೇವಿಯನ್ನು ಉಡುತಡಿಯವಳೆಂದೂ ಪರಂಪರೆಯು ಹೇಳುವುದು ಗಮನಾರ್ಹವಾಗಿದೆ.

ಎರಡನೆಯದು ಧನ. ಶಾಸನಗಳಲ್ಲಿ ಬರುವ 'ಸರ್ವನಮಸ್ಯ' ಎಂಬ ಮಾತು ಸಕಲ ಕರಗಳಿಂದಲೂ ಮುಕ್ತವಾದ ದತ್ತಿಯನ್ನು ಸೂಚಿಸುತ್ತದೆ. ಅರಸನ ಸುಂಕಾಧಿಕಾರಿಯು ಪ್ರವೇಶಿಸಲಾಗದ ಭೂಮಿಯನ್ನು ಕಂಡು ಸ್ವಾತಂತ್ರ್ಯವಾದಿಯು ಹರ್ಷಪಡಬಹುದು. ಆದರೆ ಕರದಿಂದ ಬಿಡುಗಡೆ ಹೊಂದಿದವನು ದಾನ ಪಡೆದವನು, ಉಳುವವನಲ್ಲ. ಉಳುವವನ ಹೊರೆ ಅರಸನಿಂದ ಅಗ್ರಹಾರಕ್ಕೋ ದೇವಾಲಯಕ್ಕೋ ವರ್ಗಾವಣೆಯಾಯಿತೇ ಹೊರತು ಇಳಿಯಲಿಲ್ಲ. ಈ ಭಾಗದ ಗೇಣಿದಾರನಿಗೆ ಭೂಮಿಯ ಒಡೆತನ ಬಂದುದು ಸರ್ಕಾರವು ಹಿಂದೆ ಸರಿದುದರಿಂದಲ್ಲ. 1951ರ ಕಾಗೋಡು ಸತ್ಯಾಗ್ರಹದಂತಹ ಹೋರಾಟಗಳ ತರುವಾಯ 1974ರಲ್ಲಿ ಭೂಸುಧಾರಣಾ ಕಾಯಿದೆಯು ತಿದ್ದುಪಡಿಯಾದುದರಿಂದ.

ಮೂರನೆಯದು ಆಳ್ವಿಕೆ. ನಗರ ಸೀಮೆಯ ರೈತರು 1830ರಲ್ಲಿ ಕೂಟಗಳನ್ನು ಸೇರಿ ಕಂದಾಯದ ದಬ್ಬಾಳಿಕೆಯನ್ನು ಪ್ರತಿಭಟಿಸಿದರು. ಆದರೆ ಅದರ ಫಲವಾಗಿ 1831ರಲ್ಲಿ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ವಶಪಡಿಸಿಕೊಂಡರು. ಒಂದು ಶತಮಾನದ ಅನಂತರ, 1942ರ ಸೆಪ್ಟೆಂಬರಿನಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮವು ತಾನು ಸ್ವತಂತ್ರವೆಂದು ಸಾರಿತು. ಕಂದಾಯ ಕೊಡುವುದಿಲ್ಲವೆಂದಿತು; ಬೇಜವಾಬ್ದಾರಿ ಸರ್ಕಾರದ ನೌಕರರು ಊರೊಳಗೆ ಬರಬಾರದೆಂದು ಫಲಕ ನೆಟ್ಟಿತು. ಅದೇ ಊರು ಬಾಲಕರನ್ನು ಅಮಲ್ದಾರನಾಗಿಯೂ ಸಬ್ ಇನ್ಸ್‌ಪೆಕ್ಟರನಾಗಿಯೂ ನೇಮಿಸಿಕೊಂಡುದು ಅತ್ಯಂತ ಅರ್ಥಗರ್ಭಿತವಾದ ಸಂಗತಿ. ಈಸೂರಿನವರು ಬೇಡವೆಂದುದು ಸರ್ಕಾರವನ್ನಲ್ಲ, ತಮಗೆ ಉತ್ತರ ಹೇಳದ ಸರ್ಕಾರವನ್ನು. ಜವಾಬ್ದಾರಿ ಸರ್ಕಾರವೆಂಬುದು ಮೈಸೂರು ಕಾಂಗ್ರೆಸ್ಸಿನ ಬೇಡಿಕೆಯೂ ಆಗಿದ್ದಿತು. ಕೆಲವೇ ದಿನಗಳಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಹತರಾದರು. ಊರು ಪೋಲೀಸರ ಉಗ್ರ ದಮನಕ್ಕೆ ಗುರಿಯಾಯಿತು. 1943ರ ಮಾರ್ಚಿಯಲ್ಲಿ ಗ್ರಾಮದ ಐವರು ಗಲ್ಲಿಗೇರಿದರು.

ಈಸೂರಿನ ತ್ಯಾಗಕ್ಕೆ ತಲೆಬಾಗುವ ಇತಿಹಾಸಕಾರನು ಆ ಇಬ್ಬರು ಅಧಿಕಾರಿಗಳ ಮರಣವನ್ನೂ ಮರೆಯಲಾಗದು. ಊರೆಲ್ಲ ಒಮ್ಮತದಿಂದ ಎದ್ದು ನಿಂತ ಮಾತ್ರಕ್ಕೆ ಒಬ್ಬೊಬ್ಬನ ಪ್ರಾಣಕ್ಕೆ ರಕ್ಷಣೆ ದೊರೆಯುವುದಿಲ್ಲ. ಅದಕ್ಕೆ ಅರಸನಂತೆ ಗುಂಪೂ ಮೀರಬಾರದ ಕಟ್ಟಳೆ ಬೇಕು. ಅರಸನಿಂದ ಬಿಡುಗಡೆ ಹೊಂದಿದ ಮಠ, ಕರದಿಂದ ಬಿಡುಗಡೆ ಹೊಂದಿದ ಅಗ್ರಹಾರ, ಅಮಲ್ದಾರನಿಂದ ಬಿಡುಗಡೆ ಹೊಂದಿದ ಊರು, ಈ ಮೂರೂ ಸ್ವಾತಂತ್ರ್ಯದ ಮೆಟ್ಟಿಲುಗಳೆಂಬುದರಲ್ಲಿ ಸಂದೇಹವಿಲ್ಲ. ಆ ಮಠದಲ್ಲಿ ಉಂಡವನಿಗೆ, ಆ ಹೊಲವನ್ನು ಉತ್ತವನಿಗೆ, ಆ ಊರಿನಲ್ಲಿ ಎದುರಾಡಿದವನಿಗೆ ಎಷ್ಟು ಸ್ವಾತಂತ್ರ್ಯ ಸಂದಿತೆಂಬುದರಿಂದಲೇ ಅವುಗಳ ಬೆಲೆಯನ್ನು ಕಟ್ಟಬೇಕಾಗಿದೆ.