ಬಗ್ದಾದಿನ ಹಾದಿಯಲ್ಲಿ ಬಂದ ಲಸಿಕೆ

ಮಕ್ಕಳ ಲಸಿಕೆಯು ಪರಕೀಯರ ಹೇರಿಕೆ ಎಂಬ ಶಂಕೆ ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಆಗಾಗ ಕೇಳಿಬರುತ್ತದೆ. ಅದು ನಮ್ಮ ಇತಿಹಾಸವನ್ನೇ ಅರಿಯದ ಮಾತು.

ಸಿಡುಬು ಮತ್ತು ದಡಾರಗಳನ್ನು ಬೇರೆಬೇರೆಯಾಗಿ ಗುರುತಿಸಿ ಗ್ರಂಥ ರಚಿಸಿದವರು ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಬೂಬಕರ್ ಅಲ್‌ರಾಝಿ. (ನಮ್ಮ ಪಾಠಗಳಲ್ಲಿ ಅವರ ಹೆಸರಷ್ಟೇ ಉಳಿದಿರುವುದು ವಿಷಾದಕರ.) ಉಸ್ಮಾನಿಯಾ ತುರ್ಕಿಯಲ್ಲಿ ಸಿಡುಬಿನ ಕೀವನ್ನು ಚರ್ಮದಡಿ ಸೇರಿಸಿ ಮಕ್ಕಳನ್ನು ರಕ್ಷಿಸುವ ಪದ್ಧತಿಯನ್ನು ಬ್ರಿಟಿಷ್ ರಾಯಭಾರಿಯ ಪತ್ನಿ ಮೇರಿ ಮಾಂಟೆಗ್ಯೂ 1717ರಲ್ಲಿ ಕಂಡು, ಮರುವರ್ಷ ತಮ್ಮ ಮಗನಿಗೂ ಮಾಡಿಸಿದರು. ಅದರಲ್ಲಿ ಅಪಾಯವೂ ಇತ್ತು. ಹಸುವಿನ ಸಿಡುಬಿನಿಂದ ಜೆನ್ನರ್ ಹೆಚ್ಚು ಸುರಕ್ಷಿತವಾದ ಲಸಿಕೆಯನ್ನು ತಂದದ್ದು 1796ರಲ್ಲಿ. ಅದು ಭಾರತ ತಲುಪಿದ ಮಾರ್ಗವನ್ನು ನೋಡಿ: ವಿಯೆನ್ನಾದಿಂದ ಇಸ್ತಾಂಬುಲ್, ಅಲ್ಲಿಂದ ಬಗ್ದಾದ್, ಬಸರಾ, ಕಡೆಗೆ ಹಡಗಿನಲ್ಲಿ ಬೊಂಬಾಯಿ. ಶೈತ್ಯಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ದಾಟಿಸುತ್ತ ಅದನ್ನು ಉಳಿಸಿಕೊಳ್ಳಲಾಯಿತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಅದನ್ನು ಪಡೆದ ಅನ್ನಾ ಡಸ್ಟ್‌ಹಾಲ್ ಮೂರು ವರ್ಷದ ಮಗು.

ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ಕ್ಷಯ, ಪೋಲಿಯೊ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರಗಳ ವಿರುದ್ಧ ಜಾಗತಿಕ ಕಾರ್ಯಕ್ರಮ ಆರಂಭಿಸಿತು. ಭಾರತ 1978ರಲ್ಲಿ ಅದನ್ನು ಕೈಗೊಂಡಿತು. ಮುಂದೆ ಪೋಲಿಯೊ ಹನಿ ಸಂತಾನಶಕ್ತಿಯನ್ನು ಕೆಡಿಸುತ್ತದೆಂಬ ವದಂತಿ ಉತ್ತರ ಪ್ರದೇಶದಲ್ಲಿ ಹಬ್ಬಿದಾಗ ಕಾಲು ಕಳೆದುಕೊಂಡವರಲ್ಲಿ ನಮ್ಮ ಸಮುದಾಯದ ಮಕ್ಕಳೇ ಹೆಚ್ಚು. ಆಗ ಉಲಮಾಗಳು, ಅಲೀಗಢ ಮತ್ತು ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯಗಳು ಮುಂದೆ ಬಂದವು. ಮಸೀದಿಯ ಧ್ವನಿವರ್ಧಕಗಳಿಂದ ಹನಿಯ ದಿನವನ್ನು ಸಾರಲಾಯಿತು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನ ಪ್ರಕರಣ ಕಂಡಿಲ್ಲ.

ನಮ್ಮ ರಾಯಚೂರಿನ ತೊಡಕು ಬೇರೆ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಲು 2014ರ ಡಿಸೆಂಬರಿನಲ್ಲಿ ಹೊರಟ ಮಿಷನ್ ಇಂದ್ರಧನುಷ್ ಮೊದಲು ಆಯ್ದ 201 ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಲ್ಲಿ ವದಂತಿಗಿಂತ ಗುಳೆಯೇ ದೊಡ್ಡ ಕಾರಣವೆಂದು ನಾವು ಭಾವಿಸುತ್ತೇವೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಆರನೆಯ ವಾರದ ಚುಚ್ಚುಮದ್ದು ಊರಲ್ಲಿ ಆಗಿರುತ್ತದೆ. ಹತ್ತನೆಯ ಮತ್ತು ಹದಿನಾಲ್ಕನೆಯ ವಾರದವು ಎಲ್ಲೂ ಆಗುವುದಿಲ್ಲ. ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಲಸಿಕೆಯ ಹೊತ್ತಿಗೆ ಮಗು ಶೆಡ್ಡಿನಲ್ಲಿ, ತಾಯಿ ಕಾರ್ಡು ಊರಿನ ಪೆಟ್ಟಿಗೆಯಲ್ಲಿ.

ಗುಳೆ ಹೊರಡುವವರ ಮನೆಗಳು ಯಾವುವೆಂದು ಮಸೀದಿ ಕಮಿಟಿಗಳಿಗೆ ತಿಳಿದಿರುತ್ತದೆ. ಜುಮಾ ಖುತ್ಬಾದ ನಂತರ ಎರಡು ಮಾತು ಹೇಳಿದರೆ ಸಾಕು: ಕಾರ್ಡನ್ನು ಜೊತೆಗೆ ಒಯ್ಯಿರಿ, ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಲಸಿಕೆ ಉಚಿತ, ಬಿಟ್ಟುಹೋದದ್ದನ್ನು ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ.