ಹಟ್ಟಿಯ ಅದಿರು, ಸಿಂಧನೂರಿನ ಎರೆಮಣ್ಣು: ಗಂಧಕಾಮ್ಲದ ಎರಡು ನೆಲೆಗಳು

ಸಾರಾಂಶ

ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಗಂಧಕಯುಕ್ತ ಅದಿರಿನಲ್ಲೂ ಗಂಧಕ ಬೆರೆಸಿದ ಸಿಂಧನೂರಿನ ಚೌಳು ನೆಲದಲ್ಲೂ ಗಂಧಕಾಮ್ಲ ಹುಟ್ಟಬಲ್ಲದು. ಅದು ಕೇಡಾಗುವುದೋ ಮದ್ದಾಗುವುದೋ ಎಂಬುದನ್ನು ಅಲ್ಲಿರುವ ಸುಣ್ಣ, ಗಾಳಿ ಮತ್ತು ನೀರಿನ ಹರಿವು ನಿರ್ಧರಿಸುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ.

1. ಆಮ್ಲಗಳ ಸರಣಿ

ಗಂಧಕದ ಉತ್ಕರ್ಷಣ ಸ್ಥಿತಿ ಪೈರೈಟ್‌ನಲ್ಲಿ −1, ಶುದ್ಧ ಗಂಧಕದಲ್ಲಿ 0, ಥಯೋಸಲ್ಫೇಟ್‌ನಲ್ಲಿ ಸರಾಸರಿ +2, ಸಲ್ಫ್ಯೂರಸ್ ಆಮ್ಲದಲ್ಲಿ +4, ಸಲ್ಫ್ಯೂರಿಕ್ ಆಮ್ಲದಲ್ಲಿ, ಅಂದರೆ ಗಂಧಕಾಮ್ಲದಲ್ಲಿ, +6. ಥಯೋಸಲ್ಫ್ಯೂರಿಕ್ ಆಮ್ಲ ನೀರಿನಲ್ಲಿ ಬೇಗ ಒಡೆಯುತ್ತದೆ. ಸಲ್ಫ್ಯೂರಸ್ ಆಮ್ಲವೆಂದು ನಾವು ಕರೆಯುವುದು ಬಹುಪಾಲು ನೀರಿನಲ್ಲಿ ಕರಗಿದ ಸಲ್ಫರ್ ಡೈಆಕ್ಸೈಡ್. ಗಾಳಿಯಾಡುವ ನೆಲದಲ್ಲಿ ಇವೆಲ್ಲವೂ ಕೊನೆಗೆ ಸಲ್ಫೇಟ್ ಆಗುತ್ತವೆ. ಥಯೋಬ್ಯಾಸಿಲಸ್‌ನಂಥ ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ.

2. ಲಿಂಗಸುಗೂರು ತಾಲ್ಲೂಕಿನ ಹಟ್ಟಿ

1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ಆರಂಭವಾದ ಕಂಪನಿಯ ಹಟ್ಟಿ ಚಿನ್ನದ ಗಣಿಯ ಅದಿರಿನಲ್ಲಿ ಚಿನ್ನದ ಜೊತೆಗೆ ಪೈರೈಟ್, ಪೈರೋಟೈಟ್, ಆರ್ಸೆನೋಪೈರೈಟ್‌ಗಳೂ ಇವೆ. ಅರೆದ ಕಲ್ಲು ಗಾಳಿ–ನೀರಿಗೆ ತೆರೆದುಕೊಂಡಾಗ 1 ಕಿಲೋ ಪೈರೈಟ್ ಪೂರ್ತಿ ಉತ್ಕರ್ಷಣಗೊಂಡರೆ ಸುಮಾರು 1.6 ಕಿಲೋ ಗಂಧಕಾಮ್ಲ ಹುಟ್ಟುತ್ತದೆ. ಅದನ್ನು ತಟಸ್ಥಗೊಳಿಸಲು ಸುಮಾರು 1.7 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಆದ್ದರಿಂದ ತ್ಯಾಜ್ಯದಲ್ಲಿ ಗಂಧಕ ಎಷ್ಟಿದೆ ಎಂದಷ್ಟೇ ಅಳೆದರೆ ಸಾಲದು. ಅದೇ ಕಲ್ಲಿನ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಎಷ್ಟು ಆಮ್ಲ ಹೀರಬಲ್ಲದು ಎಂಬುದನ್ನೂ ಅಳೆಯಬೇಕು. ಆಮ್ಲ ಅಡಗಿದ ಮಾತ್ರಕ್ಕೆ ಆರ್ಸೆನಿಕ್ಕಿನ ಆತಂಕ ತೀರುವುದಿಲ್ಲ, ಅದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

3. ಸಿಂಧನೂರಿನ ಎರೆಭೂಮಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡಾಗಿಸಿತು. ಬಸಿಗಾಲುವೆ ಇಲ್ಲದೆಡೆ ಅದೇ ನೀರು ಜವಳನ್ನೂ ಚೌಳನ್ನೂ ತಂದಿತು. ಸೋಡಿಯಂ ಅಂಟಿಕೊಂಡ ಜೇಡಿಮಣ್ಣು ಉಬ್ಬಿ, ನೀರು ಇಂಗದಂತೆ ಬಿಗಿಯಾಗುತ್ತದೆ. ಇಂಥ ಮಣ್ಣಿನಲ್ಲಿ ಸುಣ್ಣದ ಹರಳುಗಳಿದ್ದರೆ ಹಾಕಿದ ಗಂಧಕ ಆಮ್ಲವಾಗಿ ಸುಣ್ಣವನ್ನು ಕರಗಿಸುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ. 1 ಕಿಲೋ ಗಂಧಕ ಸುಮಾರು 5.4 ಕಿಲೋ ಜಿಪ್ಸಂಗೆ ಸಮ. ಜಿಪ್ಸಂ ಆಮ್ಲವಲ್ಲ, ಲವಣ; ಅದು ಕ್ಯಾಲ್ಸಿಯಂ ಅನ್ನು ನೇರವಾಗಿ ಕೊಡುತ್ತದೆ. ಗಂಧಕಕ್ಕೆ ಕಾಲಾವಕಾಶ ಮತ್ತು ಗಾಳಿ ಎರಡೂ ಬೇಕು. ನೀರು ನಿಂತ ಗದ್ದೆಯಲ್ಲಿ ಆಮ್ಲಜನಕವಿಲ್ಲದೆ ಉತ್ಕರ್ಷಣ ಕುಂಠಿತಗೊಳ್ಳುತ್ತದೆ, ಸಲ್ಫೇಟ್ ಕೂಡ ಮರಳಿ ಸಲ್ಫೈಡ್ ಆಗಬಹುದು. ಹಾಗಾಗಿ ನಾಟಿಗೆ ಬಹಳ ಮೊದಲೇ, ಹಸಿ ಇರುವ ಬಯಲು ನೆಲಕ್ಕೆ ಗಂಧಕ ಬೆರೆಸುವುದು ಸೂಕ್ತ.

4. ನಿಷ್ಕರ್ಷೆ

ಹಟ್ಟಿಯ ಕ್ಯಾಲ್ಸೈಟ್‌ನಲ್ಲೂ ಸಿಂಧನೂರಿನ ಸುಣ್ಣದ ಹರಳಿನಲ್ಲೂ ನಡೆಯುವ ಕ್ರಿಯೆ ಒಂದೇ: ಗಂಧಕಾಮ್ಲ ಕಾರ್ಬೊನೇಟನ್ನು ಕರಗಿಸಿ ಕ್ಯಾಲ್ಸಿಯಂ ಸಲ್ಫೇಟ್ ಕೊಡುತ್ತದೆ. ಗಣಿಯಲ್ಲಿ ಇದು ರಕ್ಷಣೆ, ಹೊಲದಲ್ಲಿ ಚಿಕಿತ್ಸೆ. ಹೊರಬಿದ್ದ ಸೋಡಿಯಂ ಸಲ್ಫೇಟ್ ಬಸಿದು ಹೋಗದಿದ್ದರೆ ಚಿಕಿತ್ಸೆ ವ್ಯರ್ಥ. ಬರೀ ಉಪ್ಪೇರಿದ ನೆಲಕ್ಕೆ ಬಸಿಗಾಲುವೆಯೇ ಮದ್ದು. ವಿನಿಮಯ ಸೋಡಿಯಂ (ಜೇಡಿಗೆ ಅಂಟಿದ ಸೋಡಿಯಂ) ಶೇ. 15 ಮೀರಿದ ಮಣ್ಣಿಗೆ ಜಿಪ್ಸಂ ಅಥವಾ ಗಂಧಕ ಬೇಕು. ಮೊದಲು ಮಣ್ಣು ಪರೀಕ್ಷೆ, ಆಮೇಲೆ ಬಸಿಗಾಲುವೆ, ಕೊನೆಗೆ ಗಂಧಕ: ಈ ಕ್ರಮ ತಪ್ಪಿದರೆ ರೈತನ ಹಣವೂ ನೆಲದ ಸತ್ವವೂ ಹಾಳಾಗುತ್ತವೆ.