ಪೊಟ್ಟಣದ ಮೇಲಿನ ಹಸಿರು ಚುಕ್ಕೆ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೆ ದೂರದ ಊರುಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳ ಟ್ರಂಕಿನಲ್ಲಿ ಕೋಡುಬಳೆ, ಚಕ್ಕುಲಿಯ ಡಬ್ಬಿಯೊಂದು ಇರುವುದು ವಾಡಿಕೆ. ಅದರಲ್ಲಿ ಏನೇನು ಬೆರೆತಿದೆಯೆಂದು ಕೇಳುವ ಪ್ರಮೇಯವೇ ಇರಲಿಲ್ಲ. ಮಾಡಿದ ಕೈ ಗೊತ್ತಿರುತ್ತಿತ್ತು. ಅಂಗಡಿಯ ಪೊಟ್ಟಣಕ್ಕೆ ಆ ಪರಿಚಯವಿಲ್ಲ. ಹಾಗಾದರೆ ನಂಬುವುದು ಯಾರನ್ನು?

ಈ ಪ್ರಶ್ನೆಯನ್ನು ಚೆನ್ನಾಗಿ ತೋರಿಸಿಕೊಡುವ ಪದಾರ್ಥ ಜೆಲಟಿನ್. ಪ್ರಾಣಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಸಂಸ್ಕರಿಸಿ, ಬಿಸಿನೀರಿನಲ್ಲಿ ಕರಗಿಸಿ ಇದನ್ನು ಪಡೆಯುತ್ತಾರೆ. ಬಣ್ಣವಿಲ್ಲ, ರುಚಿಯಿಲ್ಲ. ಜೆಲ್ಲಿ ಮಿಠಾಯಿ, ಮಾರ್ಷ್‌ಮೆಲೊಗಳಿಗೆ ಆ ಮೆತ್ತನೆಯ ಗುಣ ಬರುವುದು ಬಹುಮಟ್ಟಿಗೆ ಇದರಿಂದಲೇ. ನಾಲಿಗೆ ಗುರುತಿಸಲಾರದ್ದನ್ನು ಕಣ್ಣು ಓದಿಯೇ ತಿಳಿಯಬೇಕು. ಜೈನರು, ಲಿಂಗಾಯತರು ಮೊದಲಾದ ಸಸ್ಯಾಹಾರಿಗಳಿಗೆ ಇದು ವರ್ಜ್ಯ. ಮುಸ್ಲಿಮರಿಗೆ ಅದು ಯಾವ ಪ್ರಾಣಿಯದು ಎಂಬುದು ಮುಖ್ಯ.

ಇಂಥ ಆತಂಕ ಹೊಸದಲ್ಲ. 1857ರಲ್ಲಿ ತೋಟಾಗಳಿಗೆ ಸವರಿದ ಕೊಬ್ಬಿನ ಸುದ್ದಿ ಸಿಪಾಯಿಗಳನ್ನು ಕೆರಳಿಸಿತು. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತಿದೆಯೆಂಬ ಸುದ್ದಿ ದೇಶದಲ್ಲೆಲ್ಲ ಕೋಲಾಹಲವೆಬ್ಬಿಸಿತು. ಕಾನೂನು ಸ್ಪಷ್ಟ ಉತ್ತರ ಕೊಟ್ಟದ್ದು 2000ದಲ್ಲಿ. ಆಹಾರ ಕಲಬೆರಕೆ ತಡೆ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲು ಮಾಂಸಾಹಾರಕ್ಕೆ ಕಂದು ಚುಕ್ಕೆ, 2001ರಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಕಡ್ಡಾಯವಾದವು. ಬಣ್ಣಗುರುಡು ಉಳ್ಳವರಿಗೆ ಎರಡೂ ಒಂದೇ ಕಾಣುತ್ತವೆಂದು 2020ರ ನಿಯಮಗಳು ಕಂದು ಚುಕ್ಕೆಯನ್ನು ತ್ರಿಕೋನವಾಗಿಸಿದವು. ಅಮೆರಿಕದಲ್ಲಿ ಇಂಥ ಕಡ್ಡಾಯ ಗುರುತಿಲ್ಲ. ಅಲ್ಲಿನ ಕನ್ನಡ ಕುಟುಂಬಗಳು ಮಕ್ಕಳ ಮಿಠಾಯಿಯ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು.

ಆದರೂ ಗುರುತು ಎಲ್ಲವನ್ನೂ ಹೇಳುವುದಿಲ್ಲ. ಹಾಲು, ಜೇನುತುಪ್ಪಗಳಿಗೆ ಹಸಿರೇ ಸಲ್ಲುತ್ತದೆ. ಕಂದು ಗುರುತು ಮೊಟ್ಟೆಗೂ ಬರುತ್ತದೆ, ಜೆಲಟಿನ್‌ಗೂ ಬರುತ್ತದೆ. ಯಾವುದೆಂದು ತಿಳಿಯಲು ಘಟಕಾಂಶಗಳ ಪಟ್ಟಿಯನ್ನೇ ನೋಡಬೇಕು. ಅಲ್ಲಿ ಅಗರ್ ಎಂದಿದ್ದರೆ ಅದು ಕಡಲ ಪಾಚಿಯದು, ಪೆಕ್ಟಿನ್ ಎಂದಿದ್ದರೆ ಹಣ್ಣಿನದು. ಬರಿಯ ಅಂಕಿಗಳಿದ್ದರೆ ಗತಿಯೇನು? ಕೆಲವು ಸಂಕೇತಗಳ ಪದಾರ್ಥ ಸಸ್ಯದಿಂದಲೂ ಪ್ರಾಣಿಯಿಂದಲೂ ಬರಬಹುದು. ಆದ್ದರಿಂದಲೇ ದೆಹಲಿ ಉಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ, ಸಂಕೇತ ಸಂಖ್ಯೆಯಷ್ಟೇ ಸಾಲದು, ಘಟಕಾಂಶದ ಮೂಲವನ್ನೂ ತಿಳಿಸಬೇಕೆಂದು ಆದೇಶಿಸಿತು. ಔಷಧಿಯ ಮಾತು ಬೇರೆ. ಜೆಲಟಿನ್ ಕ್ಯಾಪ್ಸೂಲಿನಂಥವಕ್ಕೂ ಗುರುತು ಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಒಪ್ಪಲಿಲ್ಲ.

ತಿನ್ನುವುದು, ಬಿಡುವುದು ಅವರವರ ಇಷ್ಟ. ಆದರೆ ತಿಳಿಯದೆ ತಿಂದದ್ದು ಆಯ್ಕೆ ಎನಿಸದು. ಅಡಿಗೆಮನೆ ಕಣ್ಣಿನಿಂದ ಮರೆಯಾದ ಕಾಲದಲ್ಲಿ, ಮಾಡಿದ ಕೈಯ ಜಾಗದಲ್ಲಿ ನಿಂತಿರುವುದು ಆ ಪುಟ್ಟ ಚುಕ್ಕೆ ಮತ್ತು ಅದರ ಪಕ್ಕದ ಸಣ್ಣ ಅಕ್ಷರಗಳು.